ಮಳೆ ಕೇಳಿ ಹಾಕಿದ ದಾರಿ

ವಿಯೆಟ್ನಾಂ ದೇಶವನ್ನು ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ ನೆಲದ ಮೇಲೆಯೇ ದಾಟಬೇಕೆಂಬ ನನ್ನ ಹಂಬಲವನ್ನು ಹೇಳಿಕೊಂಡಾಗ ಧಾರವಾಡದ ಗೆಳೆಯರೆಲ್ಲ ಖರ್ಚಿನ ಲೆಕ್ಕವನ್ನೋ ಊಟದ ಗತಿಯನ್ನೋ ಕೇಳಿದರು. ಅಣ್ಣಿಗೇರಿಯಲ್ಲಿ ಎರೆಹೊಲ ಮಾಡಿಕೊಂಡಿರುವ ನನ್ನ ಹಳೆಯ ಸಹಪಾಠಿಯೊಬ್ಬ ಮಾತ್ರ, “ಅಲ್ಲಿ ಮಳಿ ಯಾವಾಗ?” ಎಂದು ಕೇಳಿ ಸುಮ್ಮನಾದ. ನನ್ನಲ್ಲಿ ಉತ್ತರವಿರಲಿಲ್ಲ. ಊರುಗಳ ಪಟ್ಟಿ ಇತ್ತು, ಒಂದೊಂದರ ನಡುವಿನ ಕಿಲೋಮೀಟರುಗಳಿದ್ದವು, ನವೆಂಬರ್ ತಿಂಗಳಲ್ಲಿ ಹೊರಡುವುದೆಂಬ ತೀರ್ಮಾನವೂ ಆಗಿತ್ತು. ದೀಪಾವಳಿಯ ನಂತರದ ಹದವಾದ ಚಳಿಯಲ್ಲಿ ನಾವು ಊರೂರು ತಿರುಗುವವರಾದ್ದರಿಂದ, ಉಷ್ಣವಲಯದ ಇನ್ನೊಂದು ದೇಶಕ್ಕೂ ಅದೇ ಕಾಲ ಒಗ್ಗುತ್ತದೆಂದು ನಾನು ಯೋಚಿಸದೆಯೇ ನಂಬಿದ್ದೆ.

ಆ ಪ್ರಶ್ನೆಯನ್ನು ಹಿಡಿದು ಕುಳಿತ ಮೇಲೆ ಯೋಜನೆಯೇ ತಲೆಕೆಳಗಾಯಿತು. ಧಾರವಾಡದಿಂದ ನೇರ ಪೂರ್ವಕ್ಕೆ ಅಕ್ಷಾಂಶದ ಗೆರೆಯೊಂದನ್ನು ಎಳೆಯುತ್ತ ಹೋದರೆ ಅದು ವಿಯೆಟ್ನಾಮಿನ ಕರಾವಳಿಯನ್ನು ಹೊಯ್ ಆನ್ ಮತ್ತು ಕ್ವಾಂಗ್ ನ್ಗಾಯ್ ಪಟ್ಟಣಗಳ ನಡುವೆ, ಅಂದರೆ ಆ ದೇಶದ ಹೆಚ್ಚುಕಡಿಮೆ ನಡುಭಾಗದಲ್ಲಿ ಮುಟ್ಟುತ್ತದೆ. ಸಮಭಾಜಕ ವೃತ್ತದಿಂದ ಅಷ್ಟೇ ದೂರ, ಅದೇ ಎತ್ತರದ ಸೂರ್ಯ. ಆದರೂ ನಮ್ಮಲ್ಲಿ ಹಿಂಗಾರಿನ ನಾಲ್ಕು ಹನಿಗೆ ಜೋಳವೂ ಕಡಲೆಯೂ ಕುಸುಬೆಯೂ ಕಾಯುತ್ತ ನಿಲ್ಲುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅಲ್ಲಿ ಊರುಗಳು ಮುಳುಗುತ್ತವೆ. 2025ರ ಅಕ್ಟೋಬರ್ ಕೊನೆಯಲ್ಲಿ ಹುವೆ ಮತ್ತು ಹೊಯ್ ಆನ್ ಎರಡೂ ನೀರಿನಲ್ಲಿ ನಿಂತಿದ್ದವು.

ಕಾರಣ ಬೆಟ್ಟದ ಸಾಲು. ಲೋಂಡಾ ಕಡೆ ಸುರಿದು ಧಾರವಾಡದಲ್ಲಿ ಹನಿದು ಗದಗಿಗೆ ಹೋಗುವಷ್ಟರಲ್ಲಿ ಮುಂಗಾರು ಹೇಗೆ ಬಡವಾಗುತ್ತದೆಯೆಂಬುದನ್ನು ಈ ಭಾಗದವರಿಗೆ ಯಾರೂ ವಿವರಿಸಬೇಕಾಗಿಲ್ಲ. ವಿಯೆಟ್ನಾಮಿನ ಪಶ್ಚಿಮದ ಗಡಿಯಲ್ಲಿ ತ್ರುವಾಂಗ್ ಸೋನ್ ಪರ್ವತಗಳಿವೆ. ಬೇಸಿಗೆಯ ನೈಋತ್ಯ ಮಾರುತ ತನ್ನ ನೀರನ್ನು ಆಚೆಯ ಲಾವೋಸ್ ಬದಿಯಲ್ಲಿ ಇಳಿಸಿ, ಈಚೆಯ ಕರಾವಳಿಗೆ ಒಣ ಬಿಸಿಗಾಳಿಯಾಗಿ ಬರುತ್ತದೆ. ಅದನ್ನು ಅಲ್ಲಿಯ ಜನ ಲಾವೋಸ್ ಗಾಳಿ ಎಂದೇ ಕರೆಯುತ್ತಾರೆ. ಶರತ್ಕಾಲದಲ್ಲಿ ಗಾಳಿ ಈಶಾನ್ಯಕ್ಕೆ ತಿರುಗಿ, ಸಮುದ್ರದ ಮೇಲಿನಿಂದ ನೀರನ್ನು ಹೊತ್ತು ತಂದು ಅದೇ ಬೆಟ್ಟಗಳ ಪೂರ್ವದ ಮುಖಕ್ಕೆ ಅಪ್ಪಳಿಸಿದಾಗ ನಡುನಾಡಿಗೆ ಮಳೆಗಾಲ. ದಕ್ಷಿಣದ ಸೈಗಾನ್ ಸೀಮೆಗೋ ನಮ್ಮಂತೆಯೇ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ. ಉತ್ತರದ ಹನೋಯ್‌ನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಸ್ವೆಟರ್ ಬೇಡುವ ಚಳಿ. ಮೂರು ಸೀಮೆ, ಮೂರು ಪಂಚಾಂಗ. ಮೂರಕ್ಕೂ ಒಪ್ಪುವ ಒಂದೇ ಮುಹೂರ್ತ ಬೇಕೆಂದರೆ ಫೆಬ್ರವರಿಯ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗಿನ ಕಿರಿದಾದ ಕಿಂಡಿಯೊಂದೇ ಉಳಿಯುತ್ತದೆ. ಆಗಲೂ ಹನೋಯ್‌ನಲ್ಲಿ ತುಂತುರು ಮಳೆ, ಸೈಗಾನ್‌ನಲ್ಲಿ ಕೆಂಡದಂಥ ಬಿಸಿಲು ತಪ್ಪುವುದಿಲ್ಲ. ಬಿಸಿಲು ನಮಗೇನು ಹೊಸದಲ್ಲ.

ಅವರ ಚಾಂದ್ರಮಾನ ಹೊಸ ವರ್ಷವಾದ ತೇತ್ 2027ರಲ್ಲಿ ಫೆಬ್ರವರಿ 6ಕ್ಕೆ ಬರುತ್ತದೆ. ಅದರ ಹಿಂದುಮುಂದಿನ ದಿನಗಳಲ್ಲಿ ಇಡೀ ದೇಶ ಊರಿಗೆ ಹೊರಡುವುದರಿಂದ ರೈಲಿನಲ್ಲಿ ಜಾಗ ಸಿಗುವುದು ಕಷ್ಟ. ಹೀಗಾಗಿ ಮಾರ್ಚ್ 10ಕ್ಕೆ ಹನೋಯ್ ಸೇರಿ, ಯುಗಾದಿಗೆ ಮೊದಲು ಮನೆಗೆ ಮರಳುವುದೆಂದು ನಿಶ್ಚಯಿಸಿದ್ದೇನೆ.

ಹುಬ್ಬಳ್ಳಿಯ ಪ್ರವಾಸ ಸಂಸ್ಥೆಯೊಂದು ಇದಕ್ಕೆ ಮೊದಲು ನನಗೆ ಕೊಟ್ಟ ಯೋಜನೆಯಲ್ಲಿ ಒಂಬತ್ತು ದಿನ, ಮೂರು ವಿಮಾನ, ಒಂದು ದೋಣಿ ವಿಹಾರ ಇದ್ದವು. ಅಷ್ಟು ಉದ್ದದ ದೇಶವನ್ನು ವಿಮಾನದಲ್ಲಿ ತುಂಡು ಹಾಕಿ ನೋಡುವುದಾದರೆ ಹೋಗುವ ಉದ್ದೇಶವೇ ಕೆಟ್ಟಂತೆ ಎಂದು ಅವರಿಗೆ ತಿಳಿಸಲು ನನ್ನಿಂದ ಆಗಲಿಲ್ಲ. ಆ ದೇಶಕ್ಕೆ ಬೆನ್ನೆಲುಬಿನಂತೆ ಒಂದು ರೈಲು ಮಾರ್ಗವಿದೆ. ಹನೋಯ್‌ನಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್. ಫ್ರೆಂಚರ ಆಡಳಿತದಲ್ಲಿ 1936ರಲ್ಲಿ ಪೂರ್ತಿಯಾದದ್ದು, 1954ರಲ್ಲಿ ದೇಶ ಎರಡಾದಾಗ ಕಡಿದುಹೋದದ್ದು, ಯುದ್ಧ ಮುಗಿದ ಮೇಲೆ 1976ರ ಡಿಸೆಂಬರ್ 31ರಂದು ಮತ್ತೆ ಒಂದಾದದ್ದು. ಇಂದಿಗೂ ಅದು ಮೀಟರ್ ಗೇಜ್ ಮಾರ್ಗ. ಗದಗಿನಿಂದ ವಿಜಯಪುರದ ಕಡೆಗೆ ತೂಗುತ್ತ ಓಡುತ್ತಿದ್ದ ಸಣ್ಣ ಗಾಡಿಯಲ್ಲಿ ಬಾಲ್ಯದ ರಜೆಗಳನ್ನು ಕಳೆದವನಿಗೆ ಇದೊಂದೇ ಸಂಗತಿ ಟಿಕೆಟ್ ತೆಗೆಸಲು ಸಾಕು.

ಒಂದೇ ಗಾಡಿಯಲ್ಲಿ ಕುಳಿತರೆ ಎರಡು ಹಗಲು ಒಂದು ರಾತ್ರಿ, ಇಲ್ಲವೇ ಎರಡು ರಾತ್ರಿ ಒಂದು ಹಗಲಿನಲ್ಲಿ ಮುಗಿಯುವ ದಾರಿ ಇದು. ನಾನು ಇದನ್ನು ಏಳು ತುಂಡು ಮಾಡಿದ್ದೇನೆ. ಯಾವ ತುಂಡು ಹಗಲಿನಲ್ಲಿ, ಯಾವುದು ರಾತ್ರಿಯಲ್ಲಿ ಎಂಬುದನ್ನು ನಿರ್ಧರಿಸುವುದಕ್ಕೇ ಎರಡು ವಾರ ಹಿಡಿಯಿತು. ನಿನ್ ಬಿನ್‌ನಿಂದ ಡೋಂಗ್ ಹೊಯ್‌ವರೆಗಿನ ದಾರಿಯನ್ನು ನಿದ್ದೆಗೆ ಬಿಟ್ಟಿದ್ದೇನೆ. ಡೋಂಗ್ ಹೊಯ್ ಹತ್ತಿರ ದೇಶದ ಸೊಂಟ ಎಷ್ಟು ಸಣ್ಣದೆಂದರೆ ಸಮುದ್ರದಿಂದ ಲಾವೋಸ್ ಗಡಿಗೆ 50 ಕಿಲೋಮೀಟರ್‌ಗಿಂತ ಕಡಿಮೆ. ಹುಬ್ಬಳ್ಳಿಯಿಂದ ಗದಗ ಅದಕ್ಕಿಂತ ದೂರ. ಅಲ್ಲಿಂದ ಹುವೆಗೆ ಹಗಲು ಗಾಡಿ, ಏಕೆಂದರೆ ನಡುವೆ ಬೆನ್ ಹಾಯ್ ಹೊಳೆ ದಾಟಬೇಕು. ಇಪ್ಪತ್ತು ವರ್ಷ ಎರಡು ದೇಶಗಳ ಗಡಿಯಾಗಿದ್ದ ಹೊಳೆಯನ್ನು ಕತ್ತಲಲ್ಲಿ ದಾಟಿ ಹೋಗುವುದು ನನಗೆ ಸರಿಯೆನಿಸಲಿಲ್ಲ.

ಹುವೆಯಿಂದ ದನಾಂಗ್‌ವರೆಗಿನ 103 ಕಿಲೋಮೀಟರ್ ಈ ಪ್ರಯಾಣದ ತಿರುಳು. ಸಮುದ್ರ ಮತ್ತು ಮೋಡ ಎಂಬ ಅರ್ಥದ ಹೆಸರುಳ್ಳ ಹಾಯ್ ವಾನ್ ಘಟ್ಟ ಅಲ್ಲಿದೆ. 2005ರಲ್ಲಿ ತೆರೆದ ಆರು ಕಿಲೋಮೀಟರ್‌ಗೂ ಉದ್ದದ ರಸ್ತೆ ಸುರಂಗದೊಳಗೆ ಬಸ್ಸುಗಳು ನುಗ್ಗಿಹೋಗುತ್ತವೆ. ರೈಲು ಮಾತ್ರ ಹಳೆಯ ಹಾದಿಯಲ್ಲಿ, ಕ್ಯಾಸಲ್‌ರಾಕ್‌ನಿಂದ ಕೆಳಗೆ ಇಳಿಯುವ ನಮ್ಮ ಗಾಡಿಯಂತೆ ಬಂಡೆಯನ್ನು ತಬ್ಬಿಕೊಂಡು, ಅಲೆಗಳ ಮೇಲಿನಿಂದ ತಿರುಗಿ ತಿರುಗಿ ಸಾಗುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಸಮುದ್ರ ಎಡಗಡೆ. ಆ ಕಡೆಯ ಸೀಟಿಗೆ ಮನೆಯವರೊಂದಿಗೆ ಈಗಲೇ ಒಪ್ಪಂದವಾಗಿದೆ. ಉತ್ತರದ ಚಳಿಗಾಳಿಯನ್ನು ತಡೆಯುವ ಗೋಡೆಯೂ ಇದೇ ಘಟ್ಟವಾದ್ದರಿಂದ ಒಂದೇ ದಿನದಲ್ಲಿ ಎರಡು ಹವೆ ಕಾಣಬಹುದೆಂಬ ಆಸೆಯೂ ಇದೆ.

ದನಾಂಗ್‌ನಿಂದ ಸುಮಾರು 30 ಕಿಲೋಮೀಟರ್ ದೂರದ ಹೊಯ್ ಆನ್‌ಗೆ ರೈಲಿಲ್ಲ. ಅಲ್ಲಿ ನಾಲ್ಕು ದಿನ ಇಟ್ಟಿದ್ದಕ್ಕೆ ಮುಖ್ಯ ಕಾರಣ ಹತ್ತಿರದ ಮಿ ಸೋನ್. ನಾಲ್ಕನೆಯ ಶತಮಾನದಲ್ಲಿ ಚಂಪಾ ದೇಶದ ರಾಜ ಭದ್ರವರ್ಮ ಭದ್ರೇಶ್ವರನೆಂಬ ಶಿವನಿಗೆ ಗುಡಿ ಕಟ್ಟಿಸಿದ ಕಣಿವೆ ಅದು. ಸಂಸ್ಕೃತ ಶಾಸನಗಳೂ ಅಲ್ಲಿವೆ. ಬಾದಾಮಿ, ಪಟ್ಟದಕಲ್ಲುಗಳ ಅಕ್ಷಾಂಶಕ್ಕೆ ಹತ್ತಿರದಲ್ಲೇ ಇರುವ ಆ ಗುಡಿಗಳು ಇಟ್ಟಿಗೆಯವು, ಮತ್ತು ಇಟ್ಟಿಗೆಗಳ ನಡುವೆ ಗಾರೆಯ ಗೆರೆಯೇ ಕಾಣುವುದಿಲ್ಲವೆಂಬುದು ಅವುಗಳ ಖ್ಯಾತಿ. 1969ರ ಅಮೆರಿಕದ ಬಾಂಬು ದಾಳಿಯಲ್ಲಿ ಬಹಳಷ್ಟು ನೆಲಕಚ್ಚಿದವು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರೇ ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ 2020ರಲ್ಲಿ ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗವೊಂದು ಮಣ್ಣಿನಿಂದ ಎದ್ದು ಬಂತು. ಲಕ್ಕುಂಡಿಯ ಬಳಪದ ಕಲ್ಲಿನ ಕೆತ್ತನೆಯನ್ನು ಬೆರಳಿನಿಂದ ಸವರಿ ಬೆಳೆದ ನನಗೆ ಸುಟ್ಟ ಮಣ್ಣಿನಲ್ಲಿ ಕೆತ್ತಿದ್ದನ್ನು ನೋಡುವ ಕುತೂಹಲ ದೊಡ್ಡದು.

ಊಟದ ಮಾತು. ಮೀನಿನ ರಸವಾದ ನುವಾಕ್ ಮಾಮ್ ಸೇರದ ಸಾರು ಅಲ್ಲಿ ಅಪರೂಪ. ಆದರೆ ‘ಚಾಯ್’ ಎಂದರೆ ಸಸ್ಯಾಹಾರ, ಮತ್ತು ಬೌದ್ಧ ಶ್ರದ್ಧೆಯುಳ್ಳ ಬಹಳಷ್ಟು ಜನ ಚಾಂದ್ರಮಾಸದ ಮೊದಲನೆಯ ಹಾಗೂ ಹದಿನೈದನೆಯ ದಿನ ಸಸ್ಯಾಹಾರವನ್ನೇ ಉಣ್ಣುತ್ತಾರೆ. ಇದು ತಿಳಿದದ್ದೇ ಗೋಡೆಯ ಮೇಲಿನ ಪಂಚಾಂಗವನ್ನು ಇಳಿಸಿದೆ. ಮಾರ್ಚ್ 22 ಹುಣ್ಣಿಮೆ. ಹೊಯ್ ಆನ್‌ನಲ್ಲಿ ಹಿಂದಿನ ಸಂಜೆ ಪ್ರತಿ ತಿಂಗಳಿನಂತೆ ದೀಪಗಳ ಹಬ್ಬ, ಮರುದಿನ ಹೊಟ್ಟೆ ತುಂಬ ಊಟ, ಜೊತೆಗೆ ಹೋಳಿಯ ಬಣ್ಣದಿಂದಲೂ ಪಾರು. ಉಳಿದ ದಿನಗಳಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ. ಅಲ್ಲಿಯ ಬೋಗಿಗಳಲ್ಲಿ ಕುದಿನೀರು ಸಿಗುತ್ತದೆ.

ವೀಸಾ ಸುಲಭ: ಮನೆಯಲ್ಲೇ ಕುಳಿತು 25 ಡಾಲರ್ ಕಟ್ಟಿದರೆ 90 ದಿನಗಳವರೆಗಿನ ಇ-ವೀಸಾ. ನಕಾಶೆ ಮಾತ್ರ ಹೊಸದಿರಲಿ, ಏಕೆಂದರೆ 2025ರ ಜುಲೈ 1ರಿಂದ ಅವರ 63 ಪ್ರಾಂತಗಳು 34 ಆಗಿವೆ. 1997ರಲ್ಲಿ ಗದಗ, ಹಾವೇರಿಗಳು ಧಾರವಾಡದಿಂದ ಬೇರೆಯಾದದ್ದನ್ನು ಕಂಡವರಿಗೆ ಇದು ತಿರುಗುಮುರುಗಾದ ಅನುಭವ.

ನ್ಯಾ ತ್ರಾಂಗ್‌ನಿಂದ 93 ಕಿಲೋಮೀಟರ್ ದಕ್ಷಿಣದ ನಿಲ್ದಾಣದ ಹೆಸರು ಥಾಪ್ ಚಾಮ್, ಅಂದರೆ ಚಾಮ್ ಜನರ ಗೋಪುರ. ಶಿವನನ್ನು ಪೂಜಿಸುವ ಚಾಮ್ ಜನ ಇಂದಿಗೂ ಆ ಸೀಮೆಯಲ್ಲಿದ್ದಾರೆ. ಇಡೀ ವಿಯೆಟ್ನಾಮಿನಲ್ಲಿ ಅತಿ ಕಡಿಮೆ ಮಳೆ ಬೀಳುವ ನೆಲವೂ ಅದೇ. ಕುರಿ ಸಾಕುತ್ತಾರೆ, ದ್ರಾಕ್ಷಿ ಬೆಳೆಯುತ್ತಾರೆ. ಸೈಗಾನ್‌ನ ಆಚೆ ರೈಲು ಇಲ್ಲದ್ದರಿಂದ ಮೆಕಾಂಗ್ ನದೀಮುಖದ ಕಾನ್ ತೋವರೆಗೆ, ಮತ್ತು ಸೊಂಟ ಅನುಮತಿಸಿದರೆ ಕಾ ಮಾವ್ ಭೂಶಿರದವರೆಗೆ, ಬಸ್ಸೇ ಗತಿ.

ಇಷ್ಟನ್ನೂ ಕಳೆದ ಭಾನುವಾರ ಅಣ್ಣಿಗೇರಿಗೆ ಹೋಗಿ ಒಪ್ಪಿಸಿದೆ. ಮೂರು ಮಳೆಗಾಲಗಳ ಲೆಕ್ಕವನ್ನು ಆತ ತಾಳ್ಮೆಯಿಂದ ಕೇಳಿದ. ಥಾಪ್ ಚಾಮ್ ಬಂದಾಗ ನಕಾಶೆಯನ್ನು ತನ್ನ ಕಡೆಗೆ ಎಳೆದುಕೊಂಡು, ಅಷ್ಟು ಕಡಿಮೆ ಮಳೆಯಲ್ಲಿ ದ್ರಾಕ್ಷಿಗೆ ನೀರು ಎಲ್ಲಿಂದ ಎಂದು ಕೇಳಿದ. ಮಾರ್ಚ್ ಹೊತ್ತಿಗೆ ಅವನ ಕಡಲೆಯ ಒಕ್ಕಲು ಮುಗಿದಿರುತ್ತದೆ. ಬರುವ ವಾರ ನಾವಿಬ್ಬರೂ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವವರಿದ್ದೇವೆ.