“ಆರಾಮ ಅದೀನಿ” ಅನ್ನುವ ಮಕ್ಕಳು ದೊಡ್ಡವರಾದ ಮೇಲೆ

ಗುಳೆ ಹೋದ ಮನೆಯ ಮಗುವಿಗೆ ವಾರಕ್ಕೊಮ್ಮೆ ಫೋನ್ ಬರುತ್ತದೆ. ಅಜ್ಜಿ ಸ್ಪೀಕರ್ ಒತ್ತಿ ಮಗುವಿನ ಬಾಯಿ ಹತ್ತಿರ ಹಿಡಿಯುತ್ತಾಳೆ. ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಿಂದ ಅವ್ವ ಕೇಳುತ್ತಾಳೆ: “ಉಂಡಿಯೇನು? ಸಾಲಿಗೆ ಹೋಗಿದ್ದಿಯೇನು? ಆರಾಮ ಅದಿಯಿಲ್ಲೋ?” ಮಗು ಎರಡು ಸಲ “ಹೂಂ” ಅಂದು, ಕೊನೆಗೆ “ಆರಾಮ ಅದೀನಿ” ಅನ್ನುತ್ತದೆ. ಅತ್ತರೆ ಅವ್ವನೂ ಅಳುತ್ತಾಳೆ, ಅಜ್ಜಿ ಬೈಯುತ್ತಾಳೆ, ಅವ್ವ ಅಂತೂ ಬರುವುದಿಲ್ಲ. ಇಷ್ಟನ್ನೂ ಲೆಕ್ಕ ಹಾಕಿ ಏಳೆಂಟು ವರ್ಷದ ಜೀವ ಆರಿಸಿಕೊಂಡ ಉತ್ತರ ಅದು.

ಕುಷ್ಟಗಿ, ಲಿಂಗಸುಗೂರು, ದೇವದುರ್ಗದ ಕಡೆ ಇದು ಹೊಸದಲ್ಲ. ಗುಳೆ ಹೋದ ಮನೆಯಷ್ಟೇ ಅಲ್ಲ, ಸಣ್ಣ ವಯಸ್ಸಿಗೇ ಹಾಸ್ಟೆಲಿಗೆ ಬಿಟ್ಟ ಮಗು, ಕುಡಿದು ಬರುವ ಅಪ್ಪನ ಹೆಜ್ಜೆ ಸಪ್ಪಳಕ್ಕೆ ಕಿವಿ ಕೊಟ್ಟು ಮಲಗುವ ಮಗು, ಎಂಟು ಜನರ ಮನೆಯಲ್ಲಿದ್ದೂ ಯಾರೂ ಮಾತಾಡಿಸದ ಮಗು, ಇವರೆಲ್ಲರೂ ಕಲಿಯುವುದು ಒಂದನ್ನೇ: ತನಗೆ ಬೇಕಾದ್ದನ್ನು ಯಾರ ಹತ್ತಿರವೂ ಕೇಳಬಾರದು.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕೂಸಿನ ಜೊತೆ ನಗುತ್ತ ಆಡುತ್ತಿದ್ದ ತಾಯಿ ಒಮ್ಮೆಲೇ ಮುಖವನ್ನು ಕಲ್ಲು ಮಾಡಿಕೊಂಡು ಸುಮ್ಮನೆ ಕೂರಬೇಕು, ಅದೂ ಕೆಲವೇ ನಿಮಿಷ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಏನೂ ನಡೆಯದಿದ್ದಾಗ ಮುಖ ತಿರುಗಿಸುತ್ತದೆ. ಆ ಮುಖ ತಿರುಗಿಸುವುದನ್ನೇ ನಾವು ಮುಂದೆ “ಭಾಳ ಶಾಣ್ಯಾ ಹುಡುಗ, ಹಟಾನೇ ಮಾಡಂಗಿಲ್ಲ” ಎಂದು ಹೊಗಳುತ್ತೇವೆ. ಇದರಲ್ಲಿ ತಾಯಿಯ ತಪ್ಪು ಹುಡುಕುವುದು ನನಗೆ ಸರಿ ಕಾಣುವುದಿಲ್ಲ. ನಸುಕಿನಲ್ಲಿ ಹತ್ತಿ ಬಿಡಿಸಲು ಹೋಗಿ ಕತ್ತಲಾದ ಮೇಲೆ ಬಂದು ಒಲೆ ಹಚ್ಚುವವಳ ಮುಖದಲ್ಲಿ ಆಡಲು ಏನು ಉಳಿದಿರುತ್ತದೆ? ಆದರೆ ಕೂಸಿನ ಮೈ ಕಾರಣ ಕೇಳುವುದಿಲ್ಲ.

ಆ ಹುಡುಗ ಮೂವತ್ತು ದಾಟಿದ ಮೇಲೆ ಗುರುತು ಸಿಗುತ್ತಾನೆ. ಜ್ವರ ಬಂದರೆ ಹೇಳುವುದಿಲ್ಲ. ಎಲ್ಲರ ಕಷ್ಟಕ್ಕೂ ಓಡುತ್ತಾನೆ, ತನ್ನ ಕಷ್ಟಕ್ಕೆ ಯಾರನ್ನೂ ಕರೆಯುವುದಿಲ್ಲ. ಹೆಂಡತಿ ಫೋನ್ ಎತ್ತಲು ತಡವಾದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಆ ಸಿಟ್ಟು ಏಳು ವರ್ಷದವನದು.

ವಾಸಿಯಾಗುವ ದಾರಿಯೂ ಇಲ್ಲಿಂದಲೇ. ಕೇಳುವುದನ್ನು ಮತ್ತೆ ಕಲಿಯಬೇಕು, ಸೈಕಲ್ ಕಲಿತ ಹಾಗೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕೇಳಲು ಕಷ್ಟವಾಗುವ ವಿಷಯಗಳಿಗೆ ಹತ್ತರೊಳಗೆ ಅಂಕ ಹಾಕಿ. “ಒಂದು ಕಪ್ ಚಾ ಮಾಡಿ ಕೊಡ್ತಿಯೇನು” ಎನ್ನುವುದು ಎರಡು ಇರಬಹುದು, “ಬಸ್ ಸ್ಟ್ಯಾಂಡ್ ತನಕ ಬಿಡೋ ತಮ್ಮಾ” ಮೂರು, “ನನಗ್ಯಾಕೋ ಇವತ್ತು ಬ್ಯಾಸರ ಆಗೈತಿ, ಸ್ವಲ್ಪ ಹೊತ್ತು ಕುಂದ್ರು” ಏಳು. ಎರಡು, ಮೂರರಿಂದ ಶುರು ಮಾಡಿ ವಾರಕ್ಕೆ ಎರಡು ಸಲದಂತೆ ಆರು ವಾರ ನಡೆಸಿ. ಕೇಳುವ ಮುಂಚೆ ‘ಏನಾಗುತ್ತದೆ ಅನ್ನಿಸುತ್ತದೆ’ ಎಂದು ಒಂದು ಸಾಲು, ಕೇಳಿದ ಮೇಲೆ ‘ಏನಾಯಿತು’ ಎಂದು ಒಂದು ಸಾಲು ಬರೆಯಿರಿ. ಈ ಎರಡು ಸಾಲುಗಳ ನಡುವಿನ ಅಂತರವೇ ಔಷಧ, ಹಾಗಾಗಿ ಬರೆಯದೆ ಬಿಡಬೇಡಿ. ಮನಸ್ಸು ಹಳೆಯ ಲೆಕ್ಕವನ್ನೇ ನೆನಪಿಟ್ಟುಕೊಂಡು ಹೊಸದನ್ನು ಮರೆತುಬಿಡುತ್ತದೆ.

ಕೆಡುವ ಜಾಗಗಳು ಗೊತ್ತಿರಲಿ. ಬಹಳ ಜನ ಬಾಯಿ ಬಿಟ್ಟು ಕೇಳದೆ ಸೂಚನೆ ಕೊಡುತ್ತಾರೆ. “ಯಾಕೋ ತಲಿ ನೋಯಾಕತ್ತೈತಿ” ಎಂದು ಗೋಡೆಗೆ ಹೇಳಿ ಕಾಯುತ್ತಾರೆ, ಯಾರೂ ಏಳದಿದ್ದರೆ ‘ನೋಡು, ನನಗ್ಯಾರೂ ಇಲ್ಲ’ ಎಂದು ಷರಾ ಬರೆಯುತ್ತಾರೆ. ಇನ್ನು ಕೆಲವರು ಸಹಾಯ ಸಿಕ್ಕ ಮರುದಿನವೇ ಎರಡು ಪಟ್ಟು ತೀರಿಸಿಬಿಡುತ್ತಾರೆ. ಹಾಗೆ ಮಾಡಿದರೆ ಸಿಕ್ಕದ್ದು ಒಳಗಿಳಿಯುವುದೇ ಇಲ್ಲ, ಕನಿಷ್ಠ ಎರಡು ದಿನ ಆ ಋಣವನ್ನು ಹಾಗೇ ಇರಗೊಡಿ. ಒಬ್ಬರು “ಆಗಂಗಿಲ್ಲ” ಅಂದರೆ ಅವರ ಕಾರಣವನ್ನೂ ಬರೆದಿಡಿ: ಡ್ಯೂಟಿ ಇತ್ತು, ಗಾಡಿ ಕೆಟ್ಟಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪು, ಹತ್ತು ಅಂಕದ ಮಾತನ್ನು ಮೊದಲೇ ಅಪ್ಪನ ಮುಂದೆ ಇಡುವುದು. “ನನ್ನನ್ಯಾಕ ಬಿಟ್ಟು ಹೋದಿ?” ಅಂದರೆ “ನಿನ್ನ ಹೊಟ್ಟಿಗೇ ದುಡದೀನಿ” ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ಗಾಯ ಮತ್ತೆ ಹರಿಯುತ್ತದೆ.

ಕೇಳುವ ಹೊತ್ತಿಗೆ ಗಂಟಲು ಬಿಗಿದರೆ ನಾಲ್ಕು ಎಣಿಕೆ ಉಸಿರು ಒಳಗೆ, ಆರು ಎಣಿಕೆ ಹೊರಗೆ, ಹತ್ತು ಸಲ. ಏಟು ತಿಂದು ಬೆಳೆದವರು ಕಣ್ಣು ಮುಚ್ಚದೆ, ಅಂಗಾಲನ್ನು ನೆಲಕ್ಕೊತ್ತಿ ಮಾಡುವುದು ಒಳ್ಳೆಯದು. ಕಣ್ಣು ಮುಚ್ಚಿದರೆ ಹಳೆಯ ಚಿತ್ರಗಳು ನುಗ್ಗಬಹುದು.

ಬರೆದು ಹಗುರಾಗಬೇಕು ಅನ್ನುವವರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದ ಕ್ರಮ ಸಾಕು: ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ. ಸಂಜೆಯೇ ಮುಗಿಸಿ, ಮಲಗುವ ಹೊತ್ತಿಗೆ ಬೇಡ. ಬರೆಯುವಾಗಲೇ ತತ್ತರಿಸುವಂತಾದರೆ ನಿಲ್ಲಿಸಿ. ಮುಖ್ಯವಾಗಿ ಮನೆಯ ಮಾತಿನಲ್ಲಿ ಬರೆಯಿರಿ. “ದುಃಖವಾಯಿತು” ಎಂದು ಬರೆದರೆ ಏನೂ ತೆರೆಯುವುದಿಲ್ಲ, “ಹೊಟ್ಟ್ಯಾಗ ಸಂಕಟ ಆತು” ಎಂದು ಬರೆದರೆ ಕೈ ತಾನಾಗಿ ಓಡುತ್ತದೆ.

ಕ್ಷಮಿಸಲೇಬೇಕು ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಹೊಡೆತ, ಮೈಮೇಲೆ ಕೈ ಹಾಕಿದ ಘಟನೆ ನಡೆದ ಮನೆಗೆ ಹಬ್ಬಕ್ಕೆ ಹೋಗದಿದ್ದರೂ ಜನ ವಾಸಿಯಾಗುತ್ತಾರೆ.

ಎರಡು ವಾರಕ್ಕೂ ಮಿಕ್ಕಿ ನಿದ್ದೆ, ಊಟ ಕೆಟ್ಟಿದ್ದರೆ, ಕುಡಿತ ಏರುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ನೋಟ್‌ಬುಕ್ ಬದಿಗಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟಿದೆ, ವಿಚಾರಿಸಿಕೊಂಡು ಹೋಗಿ. “ಹುಚ್ಚರ ಡಾಕ್ಟರ್” ಎಂದು ಹಿಂಜರಿಯುವವರಿಗೆ ಒಂದು ಮಾತು: ಊರಿನ ಆರೋಗ್ಯ ಕೇಂದ್ರದಲ್ಲೇ ಮನಸ್ಸಿಗೂ ಚಿಕಿತ್ಸೆ ಸಿಗಬೇಕು ಎಂಬುದನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಈಗಲೂ ಗುಳೆಯಲ್ಲಿರುವ ತಂದೆತಾಯಿಗೆ: ಫೋನಿಗೆ ವಾರ, ವೇಳೆ ಗೊತ್ತು ಮಾಡಿ, ತಪ್ಪಿಸಬೇಡಿ. “ಉಂಡಿಯೇನು” ಎನ್ನುವುದಕ್ಕಿಂತ ಮೊದಲು ನಿಮ್ಮ ದಿನದ ಒಂದು ಸಂಗತಿ ಹೇಳಿ, ಆಮೇಲೆ ಹೋದ ವಾರ ಮಗು ಹೇಳಿದ್ದನ್ನು ನೆನೆದು ಕೇಳಿ: “ಆ ಕರಿ ಆಡಿನ ಮರಿ ಹಾಲು ಕುಡ್ಯಾಕತ್ತೈತೇನು?” ಬರುವ ದಿನ ಖಚಿತವಿಲ್ಲದಿದ್ದರೆ “ನಾಳೆ ಬರ್ತೀನಿ” ಅನ್ನಬೇಡಿ. ಖಚಿತವಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಅಜ್ಜಿಯಿಂದ ಗುರುತು ಹಾಕಿಸಿ. ಮಗು ಅತ್ತರೆ “ಸುಮ್ಕಿರು” ಅನ್ನಬೇಡಿ, ಫೋನ್ ಇಡಲೂಬೇಡಿ. “ಅಳು ನನ ಕೂಸೇ, ನಾ ಫೋನ್ ಹಿಡ್ಕೊಂಡೇ ಕುಂತೀನಿ” ಅನ್ನಿ, ಅದು ಮುಗಿಸುವ ತನಕ ಕಾಯಿರಿ.