ಶೆಟ್‌ಲ್ಯಾಂಡ್: ಗಾಳಿ ನೋಡಿ ಬಂಡೆ ಆರಿಸಿ

ಶೆಟ್‌ಲ್ಯಾಂಡಿಗೆ ಹೊರಡುವವರೆಲ್ಲ ಮೊದಲು ಕೇಳುವುದು ಪಫಿನ್ ಹಕ್ಕಿ ಎಲ್ಲಿ ಕಾಣಸಿಗುತ್ತದೆ ಎಂದು. ನಾಳೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ಕೇಳಿದರೆ ಹೆಚ್ಚು ಉಪಯೋಗ. ಸ್ಕಾಟ್ಲೆಂಡಿನ ಉತ್ತರಕ್ಕೆ, 60 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಚದುರಿ ಬಿದ್ದಿರುವ ನೂರಕ್ಕೂ ಹೆಚ್ಚು ದ್ವೀಪಗಳ ಗುಂಪು ಇದು. ಎಲ್ಲಿ ನಿಂತರೂ ಕಡಲು ಐದು ಕಿಲೋಮೀಟರ್ ಆಚೀಚೆಯಲ್ಲೇ ಇರುತ್ತದೆ. ಮರಗಳು ಅಪರೂಪ, ಕುರಿ ಮೇಯುವ ಬೋಳು ಗುಡ್ಡಗಳೇ ಎಲ್ಲ ಕಡೆ. ಗಾಳಿಯನ್ನು ತಡೆಯುವುದು ಏನೂ ಇಲ್ಲ.

ಗಾಳಿಗೆ ಇಷ್ಟೇಕೆ ಮಹತ್ವ ಎಂದರೆ, ಕಡಲಿನಿಂದ ಬೀಸಿದ ಗಾಳಿ ಕಡಿದಾದ ಬಂಡೆಗೆ ಬಡಿದು ಮೇಲೇರುತ್ತದೆ. ಆ ಏರುಗಾಳಿಯಲ್ಲಿ ಹಕ್ಕಿಗಳು ರೆಕ್ಕೆ ಬಡಿಯದೆ ಬಂಡೆಯ ಅಂಚಿನವರೆಗೂ ತೇಲಿ ಬಂದು ನಿಮ್ಮ ಕಣ್ಣಿನ ಮಟ್ಟದಲ್ಲಿ ನಿಲ್ಲುತ್ತವೆ. ನೆಲದಿಂದ ಕಡಲಿಗೆ ಬೀಸುವ ದಿನ ಅದೇ ಬಂಡೆ ಸಪ್ಪೆ, ಮೇಲಾಗಿ ಅಪಾಯಕಾರಿ: ಬೆನ್ನಿಗೆ ಗಾಳಿ, ಮುಂದೆ ಪ್ರಪಾತ, ನಡುವೆ ಒದ್ದೆ ಹುಲ್ಲು. ಅಂಥ ದಿನ ಬಂಡೆಯನ್ನು ಕೆಳಗಿನಿಂದ, ದೋಣಿಯಲ್ಲಿ ಕುಳಿತು ನೋಡುವುದೇ ಜಾಣತನ. ಬಂಡೆಯ ಮರೆಯಲ್ಲಿ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆದ್ದರಿಂದ ಯಾವ ದಿನ ಯಾವ ಬಂಡೆ ಎಂದು ಊರಿನಿಂದಲೇ ಬರೆದುಕೊಂಡು ಹೋಗಬೇಡಿ. ಹಿಂದಿನ ರಾತ್ರಿ ಹವಾಮಾನ ವರದಿ ನೋಡಿ ನಿರ್ಧರಿಸಿ.

ತಲುಪುವುದು ಹೇಗೆ? ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ ಬೇಕು. ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಲಂಡನ್, ಮ್ಯಾಂಚೆಸ್ಟರ್ ಕಡೆಗಳಲ್ಲಿ ನೆಲೆಸಿರುವ ನಮ್ಮವರಿಗೆ ಆ ತೊಡಕಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಸಂಜೆ ಹೊರಟು ಮರುದಿನ ಬೆಳಿಗ್ಗೆ ಶೆಟ್‌ಲ್ಯಾಂಡಿನ ಮುಖ್ಯ ಪಟ್ಟಣ ಲರ್ವಿಕ್ ತಲುಪುವ ಹಡಗಿದೆ, ನೇರವಾಗಿ ಹೋದರೆ ಸುಮಾರು ಹನ್ನೆರಡು ಗಂಟೆ. ಬೇಸಿಗೆಯಲ್ಲಿ ಕ್ಯಾಬಿನ್‌ಗಳು ಬೇಗ ಭರ್ತಿಯಾಗುತ್ತವೆ, ವೀಸಾಕ್ಕಿಂತ ಮೊದಲೇ ಇದರ ಲಭ್ಯತೆ ನೋಡಿಕೊಳ್ಳಿ. ವಿಮಾನವೂ ಇದೆ, ಆದರೆ ಸಂಬರ್ಗ್ ವಿಮಾನ ನಿಲ್ದಾಣಕ್ಕೆ ಮಂಜು ಕವಿಯಿತೆಂದರೆ ಹಾರಾಟದ ಭರವಸೆ ಇಲ್ಲ. ಹಡಗಾಗಲಿ ವಿಮಾನವಾಗಲಿ, ಬೆಂಗಳೂರಿನ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಇಟ್ಟುಕೊಳ್ಳಿ.

ಕಾರು ಬಾಡಿಗೆಗೆ ಪಡೆಯುವುದು ಒಳ್ಳೆಯದು. ಎಡಗಡೆಯ ಸಂಚಾರವಾದ್ದರಿಂದ ನಮಗೆ ಹೊಸತಲ್ಲ. ಹಲವೆಡೆ ರಸ್ತೆ ಒಂದೇ ವಾಹನದಷ್ಟು ಅಗಲ. ಎದುರು ವಾಹನ ಬಂದರೆ ಪಕ್ಕದ ತಂಗುಜಾಗದಲ್ಲಿ ನಿಂತು ದಾರಿ ಬಿಡಬೇಕು. ದಾರಿ ಬಿಟ್ಟವರಿಗೆ ಕೈ ಎತ್ತುವುದು ಅಲ್ಲಿಯ ರೂಢಿ.

ಕಾರಿಲ್ಲದವರೂ ಸುಲಭವಾಗಿ ಹೋಗಬಹುದಾದ ಜಾಗ ಸಂಬರ್ಗ್ ಹೆಡ್, ಮುಖ್ಯ ದ್ವೀಪದ ದಕ್ಷಿಣ ತುದಿ. ಲರ್ವಿಕ್‌ನಿಂದ ವಿಮಾನ ನಿಲ್ದಾಣದ ಕಡೆಗೆ ಬಸ್ ಇದೆ, ಕೊನೆಯ ಏರನ್ನು ನಡೆದೇ ಹತ್ತಬೇಕು. ದೀಪಸ್ತಂಭಗಳ ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್ ಕಟ್ಟಿಸಿದ 1821ರ ದೀಪಸ್ತಂಭ ತುದಿಯಲ್ಲಿದೆ. ಮೂರು ಕಡೆ ಕಡಲಿರುವುದರಿಂದ ಗಾಳಿ ಆ ಮೂರರಲ್ಲಿ ಯಾವ ಕಡೆಯಿಂದ ಬೀಸಿದರೂ ಒಂದು ಮಗ್ಗುಲಲ್ಲಿ ಏರುಗಾಳಿ ಸಿಗುತ್ತದೆ. ಕಲ್ಲಿನ ಗೋಡೆ ಇರುವುದರಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೂ ಇದೇ ಸರಿ.

ಪಫಿನ್‌ಗಳು ಗೋಡೆಯ ಆಚೆಗಿನ ಹುಲ್ಲಿನ ಇಳಿಜಾರಿನಲ್ಲಿ ಬಿಲ ತೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತವೆ. ಹಗಲಿನಲ್ಲಿ ಬಂದು ಅರ್ಧ ಗಂಟೆ ನಿಂತು ಹೋಗುವವರಿಗೆ ನಾಲ್ಕಾರು ಸಿಗಬಹುದು. ಸಂಜೆ ಏಳರ ನಂತರ ಹೋಗಿ ನೋಡಿ. ಜೂನ್‌ನಲ್ಲಿ ಹತ್ತೂವರೆಯವರೆಗೂ ಬೆಳಕಿರುತ್ತದೆ, ಕಡಲಿನಿಂದ ಮರಳುವ ಹಕ್ಕಿಗಳೂ ಹೆಚ್ಚು. ಒಂದು ಪಫಿನ್ ನನ್ನಿಂದ ಎರಡು ಮಾರು ದೂರದಲ್ಲಿ ಇಳಿಯಿತು. ಕೊಕ್ಕಿನ ಎರಡೂ ಬದಿಯಿಂದ ಬೆಳ್ಳಿಯ ಬಣ್ಣದ ಪುಟ್ಟ ಮೀನುಗಳು ಜೋತುಬಿದ್ದಿದ್ದವು, ಒಂದರ ಬಾಲ ಇನ್ನೂ ಅಲುಗುತ್ತಿತ್ತು. ಹಿಡಿದ ಮೀನನ್ನು ನಾಲಿಗೆಯಿಂದ ಮೇಲ್ದವಡೆಯ ಮುಳ್ಳುಗಳಿಗೆ ಒತ್ತಿಟ್ಟು, ಬಾಯಿ ತೆರೆದು ಮತ್ತೊಂದನ್ನು ಹಿಡಿಯಬಲ್ಲ ಹಕ್ಕಿ ಇದು. ಇಳಿದದ್ದು ಬಿಲಕ್ಕೆ ಹೋಗದೆ ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ ಹಾಕುತ್ತಿತ್ತು. ನಮ್ಮ ಪಕ್ಕದಲ್ಲಿ ಒಬ್ಬರು ಮೊಬೈಲ್ ಹಿಡಿದು ಗೋಡೆಯ ಮೇಲೆ ಬಾಗಿದ್ದರು. ಅವರು ಹಿಂದೆ ಸರಿದ ಕೂಡಲೇ ಅದು ತಲೆ ತಗ್ಗಿಸಿ ಓಡಿ ಬಿಲ ಸೇರಿತು. ಮೀನು ಕಚ್ಚಿಕೊಂಡ ಪಫಿನ್ ಸುಮ್ಮನೆ ನಿಂತಿದೆ ಎಂದರೆ ನಿಮಗೆ ಫೋಟೊ ಕೊಡಲು ಅಲ್ಲ, ನೀವು ದಾರಿಗೆ ಅಡ್ಡ ಇದ್ದೀರಿ ಎಂದು ಅರ್ಥ.

ಆ ಮೀನು ಸ್ಯಾಂಡ್ ಈಲ್. ಇಲ್ಲಿಯ ಹಕ್ಕಿಗಳ ಏಳುಬೀಳು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. 2024ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಎಲ್ಲ ನೀರಿನಲ್ಲೂ ಸ್ಯಾಂಡ್ ಈಲ್ ಹಿಡಿಯುವುದನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ. ತಡವಾಗಿಯಾದರೂ ಮಾಡಿದ ಒಳ್ಳೆಯ ಕೆಲಸ.

ಬಂಡೆಯೇ ಮುಖ್ಯ ಎನ್ನುವವರಿಗೆ ನೋಸ್ ದ್ವೀಪ. ಲರ್ವಿಕ್‌ನಿಂದ ಬ್ರೆಸೆ ದ್ವೀಪಕ್ಕೆ ಕೆಲವೇ ನಿಮಿಷಗಳ ಫೆರ್ರಿ, ಬ್ರೆಸೆಯನ್ನು ಅಡ್ಡ ದಾಟಲು ಸುಮಾರು ಐದು ಕಿಲೋಮೀಟರ್, ಆಮೇಲೆ ಕಿರಿದಾದ ಜಲಸಂಧಿ ದಾಟಿಸಲು ಗಾಳಿ ತುಂಬಿದ ರಬ್ಬರ್ ದೋಣಿ. ಈ ದೋಣಿ ಬೇಸಿಗೆಯಲ್ಲಿ ಮಾತ್ರ, ಅದೂ ಎಲ್ಲ ದಿನ ಇಲ್ಲ. ಅಲೆ ಎದ್ದರೆ ರದ್ದು. ಬೆಳಿಗ್ಗೆಯೇ ವಿಚಾರಿಸಿಕೊಂಡು ಹೊರಡಿ. ದ್ವೀಪ ಸುತ್ತಲು ನಾಲ್ಕು ಗಂಟೆ ಇಟ್ಟುಕೊಳ್ಳಿ. ಪೂರ್ವದ ಅಂಚಿನಲ್ಲಿ ನೂಪ್ ಎಂಬ ಗೋಡೆ 181 ಮೀಟರ್ ಎತ್ತರಕ್ಕೆ ನೇರ ನಿಂತಿದೆ. ಮರಳುಗಲ್ಲಿನ ಪದರಗಳು ಗಾಳಿ, ಉಪ್ಪುನೀರಿಗೆ ಸವೆದು ಸಾಲುಸಾಲು ಕಟ್ಟೆಗಳಾಗಿವೆ. ಒಂದೊಂದು ಕಟ್ಟೆಯೂ ಹಕ್ಕಿಗಳಿಗೆ ಸಿದ್ಧವಾದ ಗೂಡು. ಅಗಲದ ಕಟ್ಟೆಗಳಲ್ಲಿ ಬಿಳಿಯ ಗ್ಯಾನೆಟ್‌ಗಳು, ಕೈಯಗಲದ ಅಂಚುಗಳಲ್ಲಿ ಗಿಲೆಮಾಟ್‌ಗಳು, ಜಾತ್ರೆಯ ದಿನದ ಬಸ್ಸಿನ ಹಾಗೆ ಒತ್ತೊತ್ತಾಗಿ. ಗಿಲೆಮಾಟ್ ಗೂಡನ್ನೇ ಕಟ್ಟುವುದಿಲ್ಲ, ಬರಿಯ ಕಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ಮೂರು ವಾರದ ಮರಿ ಸರಿಯಾಗಿ ಹಾರಲು ಬಾರದೆಯೂ ಅಷ್ಟು ಎತ್ತರದಿಂದ ಕಡಲಿಗೆ ಧುಮುಕುತ್ತದೆ, ಕೆಳಗೆ ಅಪ್ಪ ಕೂಗಿ ಕರೆಯುತ್ತಿರುತ್ತದೆ.

ಮೊದಲು ಬರುವುದು ವಾಸನೆ. ಒಣಗಿದ ಹಿಕ್ಕೆ, ಹಳಸಿದ ಮೀನು ಕಲಸಿದ ಘಾಟು. ಮಲ್ಪೆಯ ಬಂದರಿನಲ್ಲಿ ಓಡಾಡಿದವರಿಗೂ ಸ್ವಲ್ಪ ಹೆಚ್ಚೇ ಅನಿಸೀತು. ಪಶ್ಚಿಮದ ಗಾಳಿಯಿದ್ದರೆ ನೋಸ್‌ನ ಸುತ್ತ ನಡೆಯುವ ಬದಲು ಲರ್ವಿಕ್‌ನಿಂದ ಹೊರಡುವ ದೋಣಿ ಹಿಡಿಯಿರಿ. ನೂಪ್‌ನ ಬುಡದಲ್ಲಿ ತಲೆ ಎತ್ತಿದರೆ ಎರಡು ಮೀಟರಿನಷ್ಟು ರೆಕ್ಕೆಯಗಲದ ಗ್ಯಾನೆಟ್‌ಗಳು ಸುತ್ತುತ್ತಿರುತ್ತವೆ, ನಡುನಡುವೆ ಒಂದೊಂದು ಹಕ್ಕಿ ರೆಕ್ಕೆ ಮಡಿಚಿ ನೀರಿಗೆ ಬೀಳುತ್ತದೆ. ಬಿದ್ದ ಸದ್ದು ದೋಣಿಗೂ ಕೇಳುತ್ತದೆ.

ಪಶ್ಚಿಮದ ಗಾಳಿಗೆ ಸರಿಯಾದ ಜಾಗ ವಾಯವ್ಯದ ಎಶನೆಸ್. ಹಕ್ಕಿ ಕಡಿಮೆ, ಕಲ್ಲು ಜಾಸ್ತಿ. ಸುಮಾರು ನಲವತ್ತು ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯ ಒಡಲನ್ನು ಕಡಲು ಅಡ್ಡಡ್ಡ ಸೀಳಿದೆ. ಲಾವಾ, ಬೂದಿಯ ಪದರಗಳು ಕಪ್ಪು-ಕೆಂಪಾಗಿ ಕಾಣುತ್ತವೆ. ದೀಪಸ್ತಂಭದಿಂದ ಉತ್ತರಕ್ಕೆ ನಡೆದರೆ ಗ್ರಿಂಡ್ ಓ ದ ನಾವಿರ್ ಎಂಬ ಬಾಗಿಲಿನಂಥ ಬಿರುಕು. ಚಳಿಗಾಲದ ಅಲೆಗಳು ಅಲ್ಲಿಂದ ನುಗ್ಗಿ ಕಿತ್ತೆಸೆದ ಬಂಡೆಗಳು ಒಳಗೆ ರಾಶಿ ಬಿದ್ದಿವೆ. ಇಲ್ಲಿ ಬೇಲಿಯಿಲ್ಲ. ಅಂಚಿನಲ್ಲಿ ಕುಳಿತಿರುವ ಫುಲ್ಮರ್ ಹಕ್ಕಿಗಳಿಗೆ ಹತ್ತಿರ ಹೋಗಬೇಡಿ. ಹೊಟ್ಟೆಯ ಎಣ್ಣೆಯನ್ನು ಗುರಿಯಿಟ್ಟು ಉಗುಳುತ್ತವೆ. ಆ ನಾತ ಜಾಕೆಟ್ಟಿನಿಂದ ಸುಲಭಕ್ಕೆ ಹೋಗುವುದಿಲ್ಲ.

ಇನ್ನೂ ಉತ್ತರಕ್ಕೆ, ಎರಡು ಫೆರ್ರಿ ದಾಟಿ, ಅನ್‌ಸ್ಟ್ ದ್ವೀಪದ ಹರ್ಮನೆಸ್ ಇದೆ. ಕಾರಿಗೆ ಮುಂಗಡ ಜಾಗ ಕಾಯ್ದಿರಿಸಿ, ಇಡೀ ದಿನ ಅದಕ್ಕೇ ಮೀಸಲಿಡಿ. ಜೌಗು ನೆಲದ ಮೇಲೆ ಹಲಗೆಯ ದಾರಿ, ಕೊನೆಯಲ್ಲಿ ಗ್ಯಾನೆಟ್‌ಗಳಿಂದ ಬೆಳ್ಳಗಾದ ಕಡಲಗೋಪುರಗಳು, ಆಚೆಗೆ ಮಕಲ್ ಫ್ಲಗ್ಗಾ ದೀಪಸ್ತಂಭ. ದಾರಿಯಲ್ಲಿ ಬಾಂಕ್ಸಿ ಎಂದು ಸ್ಥಳೀಯರು ಕರೆಯುವ ದೊಡ್ಡ ಸ್ಕುವಾ ಹಕ್ಕಿಗಳ ನೆಲ. ಮರಿಯಿದ್ದಾಗ ನೇರ ತಲೆಗೇ ಎರಗುತ್ತವೆ. ಒಂದು ಕೋಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿದರೆ ಕೋಲನ್ನೇ ಗುರಿ ಮಾಡುತ್ತವೆ. 2022ರ ಹಕ್ಕಿಜ್ವರದ ನಂತರ ಬ್ರಿಟನ್ನಿನಲ್ಲಿ ಇವುಗಳ ಸಂಖ್ಯೆ ಸುಮಾರು ಮುಕ್ಕಾಲು ಪಾಲು ಕುಸಿದಿದೆ. ಹಾಗಾಗಿ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ, ಸತ್ತ ಹಕ್ಕಿಯನ್ನು ಮುಟ್ಟಲೇಬೇಡಿ.

ಗಾಳಿ ಪೂರ್ತಿ ನಿಂತ ರಾತ್ರಿ ಸಿಕ್ಕರೆ ಮೌಸಾ ದ್ವೀಪಕ್ಕೆ ಹೋಗುವ ರಾತ್ರಿದೋಣಿಯನ್ನು ಬಿಡಬೇಡಿ. ಎರಡು ಸಾವಿರ ವರ್ಷ ಹಳೆಯ, 13 ಮೀಟರ್ ಎತ್ತರದ ಕಲ್ಲಿನ ಗೋಪುರದ ಸಂದುಗಳಲ್ಲಿ ಗುಬ್ಬಚ್ಚಿ ಗಾತ್ರದ ಸ್ಟಾರ್ಮ್ ಪೆಟ್ರೆಲ್‌ಗಳು ಗೂಡು ಮಾಡಿವೆ. ಕತ್ತಲಾದ ಮೇಲಷ್ಟೇ ಹೊರಗೆ ಓಡಾಟ. ನೋಡುವುದಕ್ಕಿಂತ ಕೇಳುವುದೇ ಹೆಚ್ಚು, ಗೋಡೆಯೊಳಗಿಂದ ಗುರುಗುರು ಸದ್ದು ಬರುತ್ತಿರುತ್ತದೆ.

ಬಟ್ಟೆಯ ವಿಷಯ: ಬೇಸಿಗೆಯಲ್ಲೂ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ 14 ಡಿಗ್ರಿಯ ಆಸುಪಾಸು. ಆಗುಂಬೆಯ ಮಳೆ ಕಂಡವರಾದರೂ ಕೊಡೆಯನ್ನು ಮನೆಯಲ್ಲೇ ಬಿಡಿ, ಇಲ್ಲಿ ಅದು ಎರಡು ನಿಮಿಷ ಬಾಳುವುದಿಲ್ಲ. ಗಾಳಿ-ಮಳೆ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಒದ್ದೆ ಹುಲ್ಲಿನಲ್ಲಿ ಜಾರದ ಬೂಟು, ಒಂದು ಬೈನಾಕ್ಯುಲರ್ ಸಾಕು. ಸಸ್ಯಾಹಾರಿಗಳಿಗೆ ಲರ್ವಿಕ್‌ನ ಸೂಪರ್ ಮಾರ್ಕೆಟ್‌ಗಳಲ್ಲಿ ಬೇಕಾದ್ದು ಸಿಗುತ್ತದೆ, ಅದರಾಚೆ ಅಂಗಡಿಗಳು ವಿರಳ. ಅಡುಗೆಮನೆ ಇರುವ ವಸತಿ ಹಿಡಿದರೆ ಅವಲಕ್ಕಿ, ಚಟ್ನಿಪುಡಿಯಲ್ಲಿ ದಿನ ಸಾಗುತ್ತದೆ. ತುಪ್ಪ, ಪೇಡೆಯಂಥ ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ ಎಂಬುದು ನೆನಪಿರಲಿ.

ಕಾಲದ ವಿಷಯದಲ್ಲಿ ನನ್ನ ಆಯ್ಕೆ ಜೂನ್ ಮಧ್ಯದಿಂದ ಜುಲೈ ಮೊದಲ ವಾರ. ಜುಲೈ ನಡುವಿನ ಹೊತ್ತಿಗೆ ಗಿಲೆಮಾಟ್‌ಗಳು ಕಟ್ಟೆ ಖಾಲಿ ಮಾಡತೊಡಗುತ್ತವೆ, ಆಗಸ್ಟ್ ಆರಂಭದ ನಂತರ ಪಫಿನ್‌ಗಳೂ ಇರುವುದಿಲ್ಲ. ಟಿಕೆಟ್ ಅಗ್ಗವೆಂದು ಆಗಸ್ಟ್ ಕೊನೆಗೆ ಹೊರಟವರಿಗೆ ಗ್ಯಾನೆಟ್‌ಗಳಷ್ಟೇ ಗತಿ. ಅವು ಸೆಪ್ಟೆಂಬರ್‌ನಲ್ಲೂ ಬಂಡೆ ಬಿಟ್ಟಿರುವುದಿಲ್ಲ.