ಜಾಕ್ ಆರ್ಚ್ ಚಾವಣಿ ಬಿಚ್ಚುವ ಮುಂಚೆ ನೋಡಬೇಕಾದ್ದು

ಹಳೇ ಪೇಟೆಯ ಅಂಗಡಿ ಸಾಲಿನ ದುರಸ್ತಿ ಟೆಂಡರ್ ತೆಗೆದು ನೋಡಿ. "ಹಳೆಯ ಚಾವಣಿ ತೆಗೆಯುವುದು" ಅಂತ ಒಂದೇ ಸಾಲು ಇರುತ್ತೆ, ಘನಮೀಟರಿಗೆ ಇಷ್ಟು ಅಂತ ಒಂದು ರೇಟು. ಯಾವ ಕಡೆಯಿಂದ ತೆಗೆಯಬೇಕು, ತೆಗೆಯುವಾಗ ಪಕ್ಕದ್ದಕ್ಕೆ ಆಸರೆ ಏನು, ಇದರ ಸುದ್ದಿಯೇ ಇರಲ್ಲ. ಮೈಸೂರು ಸೀಮೆಯ ಒಂದು ಪೇಟೆಯಲ್ಲಿ ಆ ಒಂದು ಸಾಲನ್ನು ನಂಬಿ ಕೆಲಸ ಶುರುವಾಗಿತ್ತು. ಎರಡನೇ ಅಂಕಣ (ಎರಡು ತೊಲೆಗಳ ನಡುವಿನ ಚಾವಣಿ ಭಾಗ) ಬಿಚ್ಚಿದ ಮಧ್ಯಾಹ್ನ, ಮೂರನೇ ಅಂಕಣದ ಕೆಳಗೆ ವ್ಯಾಪಾರ ನಡೆಯುತ್ತಿರುವಾಗಲೇ, ಚಾವಣಿ ಕೈಬಿಡೋಕೆ ಶುರು ಮಾಡಿತು.

ಚಾವಣಿ ಜಾಕ್ ಆರ್ಚ್. ಮುಂದಿನ ಗೋಡೆಯಿಂದ ಹಿಂದಿನ ಗೋಡೆಗೆ ನಾಲ್ಕು ಅಡಿಗೊಂದು ಕಬ್ಬಿಣದ ಗರ್ಡರ್ (ತೊಲೆ), ನಡುವೆ ಇಟ್ಟಿಗೆಯ ಸಣ್ಣ ಕಮಾನು, ಅದರ ಮೇಲೆ ಜಲ್ಲಿ ಗಾರೆ. ಒಟ್ಟು ಆರು ಅಂಕಣ, ಕೆಳಗೆ ಮೂರು ಅಂಗಡಿ, ಅಂಗಡಿಗೆರಡು ಅಂಕಣ, ಅಂಗಡಿಗಳ ನಡುವೆ ಬರೀ ಹಲಗೆ ಗೋಡೆ. ಮರದ ತೊಲೆಯ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ ಬರೀ ಕೆಳಕ್ಕೆ ಭಾರ ಹಾಕುತ್ತೆ, ಇದು ಪಕ್ಕಕ್ಕೂ ತಳ್ಳುತ್ತೆ. ಲೆಕ್ಕ ದೊಡ್ಡದಲ್ಲ. ಚದರ ಮೀಟರಿಗೆ 450 ಕಿಲೋ ಭಾರ, 1.2 ಮೀಟರ್ ಅಗಲ, ಕಮಾನಿನ ಏರು (ಬುಡದಿಂದ ನೆತ್ತಿಗೆ ಎತ್ತರ) 125 ಎಂಎಂ ಅಂದರೆ ಗರ್ಡರಿನ ಪ್ರತಿ ಮೀಟರಿಗೆ ಸುಮಾರು 650 ಕಿಲೋ ತಳ್ಳು ಬರುತ್ತೆ. ಅಂಗಡಿಯ ಆಳ ನಾಲ್ಕೂವರೆ ಮೀಟರ್ ಇದ್ದರೆ ಒಂದು ಗರ್ಡರ್ ಮೇಲೆ ಹತ್ತಿರಹತ್ತಿರ ಮೂರು ಟನ್. ಎಡದ ಕಮಾನು ಎಷ್ಟು ತಳ್ಳುತ್ತೋ ಬಲದ್ದೂ ಅಷ್ಟೇ ತಳ್ಳುತ್ತೆ, ಹಾಗಾಗಿ ಗರ್ಡರ್ ನೆಟ್ಟಗೆ ನಿಂತಿರುತ್ತೆ. ಒಂದು ಕಡೆ ಕಮಾನು ಬಿಚ್ಚಿದರೆ ಗರ್ಡರ್ ಖಾಲಿ ಕಡೆಗೆ ಬಾಗುತ್ತೆ. ಐ-ಸೆಕ್ಷನ್, ಅಂದರೆ ಇಂಗ್ಲಿಷಿನ I ಆಕಾರದ ಗರ್ಡರ್, ನಿಂತ ದಿಕ್ಕಿಗೆ ಗಟ್ಟಿ, ಅಡ್ಡ ದಿಕ್ಕಿಗೆ ಬಹಳ ಬಡವು.

ಇದನ್ನು ತಡೆಯೋಕೇ ಗರ್ಡರಿಂದ ಗರ್ಡರಿಗೆ ಟೈ ರಾಡ್ (ಎರಡನ್ನೂ ಎಳೆದು ಹಿಡಿಯುವ ಕಬ್ಬಿಣದ ಸಲಾಕೆ) ಹಾಕಿರುತ್ತಾರೆ. ರಾಡ್ ಇದ್ದ ಅಂಕಣದ ತಳ್ಳು ಆ ಅಂಕಣದಲ್ಲೇ ಮುಗಿಯುತ್ತೆ, ಪಕ್ಕದ್ದು ಬಿಚ್ಚಿದರೂ ಅದು ನಿಲ್ಲುತ್ತೆ. ಆ ಸಾಲಿನ ಮೊದಲ ಅಂಗಡಿ ಖಾಲಿಯಾಗಿತ್ತು. ತಲೆ ಎತ್ತಿದರೆ 20 ಎಂಎಂ ರಾಡು, ಮೀಟರೂವರೆಗೊಂದರಂತೆ ಮೂರು, ಕಣ್ಣಿಗೆ ಕಾಣುತ್ತಿದ್ದವು. ಎರಡನೇ ಅಂಗಡಿಯಲ್ಲಿ ಫಾಲ್ಸ್ ಸೀಲಿಂಗ್ ಇತ್ತು. ಮೊದಲನೆಯದರಲ್ಲಿ ಇದ್ದದ್ದು ಇಲ್ಲೂ ಇರುತ್ತೆ ಅಂತ ಸರ್ವೆ ರಿಪೋರ್ಟಿನಲ್ಲಿ ಬರೆದಾಯಿತು. ಒಂದು ಪ್ಯಾನೆಲ್ ಬಿಚ್ಚಿ ಟಾರ್ಚ್ ಹಾಕಿದ್ದರೆ ಸತ್ಯ ಗೊತ್ತಾಗುತ್ತಿತ್ತು. ಫಾಲ್ಸ್ ಸೀಲಿಂಗ್ ಕೂರಿಸುವಾಗ ಎಸಿ ಡಕ್ಟಿಗೆ ಅಡ್ಡ ಬರುತ್ತೆ ಅಂತ ಅಲ್ಲಿನ ರಾಡುಗಳನ್ನು ಯಾರೋ ಗ್ರೈಂಡರಿನಲ್ಲಿ ಕತ್ತರಿಸಿದ್ದರು. ಗರ್ಡರಿನ ಹೊಟ್ಟೆಯಿಂದ ಎರಡಿಂಚು ಮೋಟು ಹೊರಗೆ ಚಾಚಿತ್ತು, ಅಷ್ಟೇ.

ಮೊದಲ ಅಂಕಣ ಬಿಚ್ಚಿದಾಗ ಏನೂ ಆಗಲಿಲ್ಲ, ಎರಡನೆಯದರ ರಾಡು ಹಿಡಿದುಕೊಂಡಿದ್ದವು. ಎರಡನೆಯದರ ಕೊನೆಯ ಇಟ್ಟಿಗೆ ಸಾಲು ಬಿದ್ದ ಮೇಲೆ ಮೂರನೇ ಅಂಕಣದ ಮೇಲುಗಾರೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿತು. ಸೀಲಿಂಗ್ ಮೇಲೆ ಮರಳು ಉದುರುವ ಸದ್ದು ಮೊದಲು ಕೇಳಿಸಿದ್ದು ಅಂಗಡಿಯವರಿಗೆ. ಇಲಿ ಅಂದುಕೊಂಡರು. ಹಿಂದಿನ ಗೋಡೆಯ ಹಳೇ ಬಿರುಕು ಅಗಲವಾಗುತ್ತಿದೆಯೋ ಅಂತ ತಿಳಿಯೋಕೆ ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೂರಿಸಿದ್ದ ಗಾಜಿನ ಪಟ್ಟಿ ಚಿಟ್ ಅಂತ ಒಡೆಯಿತು. ಮೇಸ್ತ್ರಿ ಎರಡನೇ ಗರ್ಡರಿಗೆ ದಾರ ಹಿಡಿದು ನೋಡಿದರು. ನಡುವೆ 18 ಎಂಎಂ ಬಾಗಿತ್ತು, ಖಾಲಿ ಕಡೆಗೆ.

ಆಗ ಎಲ್ಲರ ಬಾಯಲ್ಲಿ ಬಂದದ್ದು ಒಂದೇ ಮಾತು: "ಜಾಕಿ ತನ್ನಿ, ಕೆಳಗೆ ಕೊಡಿ." ಅದು ತಪ್ಪು ಮದ್ದು. ಜಾಕಿ (ಎತ್ತರ ಹೊಂದಿಸುವ ಕಬ್ಬಿಣದ ಆಸರೆ ಕಂಬ) ಕೊಡಬೇಕಾದರೆ ಜಾರುತ್ತಿರುವ ಕಮಾನಿನ ಅಡಿಗೇ ಆಳು ಹೋಗಬೇಕು, ಅದರ ಜತೆಗೆ ಫಾಲ್ಸ್ ಸೀಲಿಂಗ್ ಒಡೆಯಬೇಕು. ಮೇಸ್ತ್ರಿ ಒಬ್ಬರನ್ನೂ ಒಳಗೆ ಬಿಡಲಿಲ್ಲ. ಮೊದಲು ಮಿಕ್ಕ ಎರಡೂ ಅಂಗಡಿ ಖಾಲಿ ಮಾಡಿಸಿದರು. ಗಲ್ಲಾಪೆಟ್ಟಿಗೆಗೆ ಅಂತ ಇಬ್ಬರು ತಿರುಗಿ ಒಳಗೆ ನುಗ್ಗಿದರು, ಅವರನ್ನು ರಟ್ಟೆ ಹಿಡಿದು ಎಳೆದು ತರಬೇಕಾಯಿತು. ಆಮೇಲೆ ಕೆಲಸ ನಡೆದದ್ದು ಖಾಲಿ ಅಂಕಣಗಳಲ್ಲಿ. ಹೊರಗೋಡೆಗೆ ಬೀದಿಯಿಂದ ಓರೆ ಆಸರೆ ಕೊಟ್ಟರು. ಆ ಗೋಡೆಯಿಂದ ಮೊದಲ ಗರ್ಡರಿಗೆ ಅಡ್ಡಲಾಗಿ ಸರ್ವೆ ಮರದ ಕಂಬ, ಅದೇ ನೇರಕ್ಕೆ ಮೊದಲ ಗರ್ಡರಿಂದ ಎರಡನೆಯದಕ್ಕೆ ಇನ್ನೊಂದು, ಹೀಗೆ ಉದ್ದಕ್ಕೆ ನಾಲ್ಕು ಜೋಡಿ. ಕಂಬವನ್ನು ಒಂದಿಂಚು ಗಿಡ್ಡ ಕೊಯ್ದು, ಎದುರುಬದುರು ಎರಡು ಬೆಣೆ ಹೊಡೆದು ಬಿಗಿ ಮಾಡಿದರು. ಬಾಗಿದ ಗರ್ಡರನ್ನು ಹಿಂದಕ್ಕೆ ತಳ್ಳುವ ಆಸೆ ಯಾರಿಗಾದರೂ ಬರುತ್ತೆ. ಹಾಗೆ ಮಾಡಿದರೆ ಸಡಿಲಾದ ಇಟ್ಟಿಗೆಗಳು ಕೀಲು ತಪ್ಪಿ ಒಟ್ಟಿಗೆ ಸುರಿಯುತ್ತವೆ. ಎಲ್ಲಿದೆಯೋ ಅಲ್ಲಿ ನಿಲ್ಲಿಸಿದರೆ ಸಾಕು. ಹೊಸ ಗಾಜಿನ ಪಟ್ಟಿ ರಾತ್ರಿಯೆಲ್ಲ ಒಡೆಯದೆ ಇದ್ದ ಮೇಲೆ, ಬೆಳಿಗ್ಗೆ ಕಮಾನುಗಳ ಕೆಳಗೆ ಜಾಕಿ ಹೋದವು.

ಅಲ್ಲೂ ಒಂದು ವಿಷಯ. ಹಳೇ ಅಂಗಡಿಗಳ ಕಲ್ಲುಚಪ್ಪಡಿ ನೆಲದ ಕೆಳಗೆ ಎಷ್ಟೋ ಕಡೆ ಹಳೇ ಚರಂಡಿ ಹಾದುಹೋಗಿರುತ್ತೆ. ಚಪ್ಪಡಿಯ ಮೇಲೆ ನೇರವಾಗಿ ಜಾಕಿ ನಿಲ್ಲಿಸಿದರೆ ಚಪ್ಪಡಿ ಮುರಿದು ಜಾಕಿ ಕೆಳಗಿಳಿಯುತ್ತೆ. ಹಾರೆಯಲ್ಲಿ ಕುಟ್ಟಿ ಸದ್ದು ಕೇಳಿ, ಪೊಳ್ಳು ಇದ್ದರೆ ಜಾಗ ಬದಲಿಸಿ. ಒಂಬತ್ತಿಂಚು ಅಗಲ, ಎರಡಿಂಚು ದಪ್ಪದ ಹಲಗೆ ಅಡಿಗೂ ಇರಲಿ, ಕಮಾನಿನ ನೆತ್ತಿಗೂ ಇರಲಿ. ಮೀಟರಿಗೊಂದು ಜಾಕಿ.

ಇಂಥ ಚಾವಣಿಯನ್ನು ಅಂಕಣ ಅಂಕಣವಾಗಿ ಬಿಚ್ಚುವುದೇ ಅಪಾಯ. ಮೊದಲು ಎಲ್ಲ ಅಂಕಣಕ್ಕೂ ಆಸರೆ ಕೊಡಬೇಕು. ಆಮೇಲೆ ಮೇಲಿನ ಜಲ್ಲಿ ಗಾರೆಯನ್ನು ಎಲ್ಲ ಅಂಕಣದಲ್ಲೂ ಸಮವಾಗಿ, ಪದರ ಪದರವಾಗಿ ತೆಗೆಯಬೇಕು. ಕಮಾನಿನ ಇಟ್ಟಿಗೆಗೆ ಕೈ ಹಾಕುವುದು ಕೊನೆಗೆ. ತೆಗೆದ ಮಣ್ಣನ್ನು ಪಕ್ಕದ ಅಂಕಣದ ಮೇಲೆ ಗುಡ್ಡೆ ಹಾಕಲೇಬಾರದು. ಒದ್ದೆ ಗಾರೆ, ಇಟ್ಟಿಗೆ ಚೂರು ಸೇರಿ ಒಂದು ಘನಮೀಟರಿಗೆ ಒಂದೂವರೆ ಟನ್ ಹತ್ತಿರ ಬರುತ್ತೆ. ಬ್ರೇಕರ್ ಯಂತ್ರ ಬೇಡ, ಉಳಿ ಸುತ್ತಿಗೆ ಸಾಕು. ರಾಡು ಇದೆಯೋ ಇಲ್ಲವೋ ಅನ್ನುವುದರ ಜತೆಗೆ ಎಷ್ಟು ಉಳಿದಿದೆ ಅಂತಲೂ ಕ್ಯಾಲಿಪರ್ ಹಿಡಿದು ಅಳೆಯಬೇಕು. ತುಕ್ಕು ತಿಂದು 20 ಎಂಎಂ ರಾಡು 10 ಎಂಎಂ ಆಗಿದ್ದರೆ ಉಳಿದದ್ದು ಕಾಲುಭಾಗ ಮಾತ್ರ.

ಈ ಚಾವಣಿಗಳು ವಯಸ್ಸಾಗಿ ಬೀಳುತ್ತವೆ ಅನ್ನುವುದು ಅರ್ಧ ಸತ್ಯ. ಸೋರಿದಾಗಲೆಲ್ಲ ಮೇಲೊಂದು ಸಿಮೆಂಟ್ ಪದರ ಎಳೆಯುತ್ತಾರೆ. ಒಂದಿಂಚಿಗೆ ಚದರ ಮೀಟರಿಗೆ 55 ಕಿಲೋ, ಮೂರು ಸಲ ಎಳೆದರೆ 165 ಕಿಲೋ ಹೆಚ್ಚುವರಿ ಭಾರ. ಮಳೆನೀರು ಹೋಗುವ ದೋಣಿ ಕಟ್ಟಿಕೊಂಡದ್ದನ್ನು ಮಾತ್ರ ಯಾರೂ ತೆಗೆಯಲ್ಲ. ಪ್ಯಾರಪೆಟ್ಟಿನಲ್ಲಿ ಅರಳಿ ಸಸಿ ಏಳುತ್ತೆ, ತಲೆ ಸವರಿ ಹೋಗುತ್ತಾರೆ, ಬೇರು ಗೋಡೆಯೊಳಗೆ ದಪ್ಪವಾಗುತ್ತಲೇ ಇರುತ್ತೆ. ಬಾಡಿಗೆ ಎಷ್ಟೋ ವರ್ಷದ ಹಿಂದಿನದು, ಕರಾರಿನಲ್ಲಿ ಇರುವ ಹೆಸರು ಒಂದು, ಗಲ್ಲಾದಲ್ಲಿ ಕೂತವರು ಇನ್ನೊಬ್ಬರು. ಹೀಗಿರುವಾಗ ಚಾವಣಿ ಯಾರ ಹೊಣೆಯೂ ಅಲ್ಲ.

ಮೈಸೂರಿನಲ್ಲಿ 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲ ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗ. ಆಮೇಲೆ ಕೆಡವಬೇಕೋ ಉಳಿಸಬೇಕೋ ಅನ್ನುವ ವಾದ ಹೈಕೋರ್ಟಿಗೆ ಹೋಯಿತು. ಆ ವಾದದ ಯಾವ ಕಡೆಗಿದ್ದರೂ ಆಸರೆ ಬೇಕೇ ಬೇಕು, ಕೆಡವುವಾಗಲೂ ಗೋಡೆಯ ಆಚೆ ಬದಿಯಲ್ಲಿ ಮನುಷ್ಯರು ಕೂತಿರುತ್ತಾರೆ.

ಆ ಅಂಗಡಿ ಸಾಲಿನ ಆಸರೆಯ ಖರ್ಚನ್ನು ಎಕ್ಸ್‌ಟ್ರಾ ಐಟಂ ಅಂತ ಕಳಿಸಿದರೆ "ಎಸ್ಟಿಮೇಟಿನಲ್ಲಿಲ್ಲ" ಅಂತ ಫೈಲು ವಾಪಸು ಬಂತು. ಮಾರ್ಚ್ ಒಳಗೆ ಬಿಲ್ ಆಗಬೇಕು ಅನ್ನುವ ಅವಸರ ಬೇರೆ. ಹಾಗಾಗಿ ಇಂಥ ಕೆಲಸದ ಎಸ್ಟಿಮೇಟ್ ಬರೆಯುವವರು ನಾಲ್ಕು ಐಟಂ ಬೇರೆಬೇರೆಯಾಗಿ ಹಾಕಿ: ಫಾಲ್ಸ್ ಸೀಲಿಂಗ್ ಮತ್ತು ಅಟ್ಟ ಬಿಚ್ಚಿ ಒಳಗಿನದನ್ನು ನೋಡುವುದು; ಚದರ ಮೀಟರ್ ಲೆಕ್ಕದಲ್ಲಿ ಆಸರೆ, ಬಾಡಿಗೆಯ ದಿನಗಳ ಸಮೇತ; ರಾಡು ಇಲ್ಲದ ಕಡೆ ಬಿಗಿಮಾಡುವ ಟರ್ನ್‌ಬಕಲ್ ಸಮೇತ ತಾತ್ಕಾಲಿಕ ಟೈ; ಅಂಗಡಿಯವರಿಗೆ ಶೆಡ್ಡು. ಇದರಲ್ಲಿ ಶೆಡ್ಡನ್ನು ಮೊದಲು ಕಟ್ಟಿ. ಕೆಳಗೆ ವ್ಯಾಪಾರ ನಡೆಯುತ್ತಿದ್ದರೆ ಮಿಕ್ಕ ಮೂರನ್ನೂ ಸರಿಯಾಗಿ ಮಾಡೋಕೆ ಆಗಲ್ಲ.